ನಾನು ಸಹಿ ಹಾಕಿದ ವೆಬ್‌ಸೈಟು

ದಿನವಿಡೀ ಆ ಯಂತ್ರದ ಧ್ವನಿಯಲ್ಲಿ ಏನು ಕೇಳುತ್ತೀಯ ಎಂದು ಅಣ್ಣ ಒಮ್ಮೆ ಕೇಳಿದ. ಮಧ್ಯಾಹ್ನದ ಹೊತ್ತು, ಸೊಲ್ಲಾಪುರದ ನವಿ ಪೇಠದ ನಮ್ಮ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ; ನನ್ನ ನೌಕರಿಯ ಕೆಲಸವನ್ನು ಆ ದಿನ ಅಲ್ಲಿಗೇ ತಂದಿದ್ದೆ. ನಾನು ಲ್ಯಾಪ್‌ಟಾಪಿನಿಂದ ಇಯರ್‌ಫೋನ್ ಕಿತ್ತು ಧ್ವನಿಯನ್ನು ಹೊರಗೆ ಬಿಟ್ಟೆ. "ಬಟನ್. ಬಟನ್. ಲಿಂಕ್. ಬಟನ್. ಗ್ರಾಫಿಕ್. ಬಟನ್," ಎಂದು ಅದು ಓದುತ್ತಾ ಹೋಯಿತು.

"ಇದೇನ್ ತಂಗಿ, ಸರಕಾರಿ ಇಲಾಖೆ ಅಂತೀ, ಗುಂಡಿ ಮಾರೋ ಅಂಗಡಿ ಇದ್ದಂಗ ಅದಲ್ಲ!" ಎಂದು ಅಣ್ಣ ನಕ್ಕ.

ನನಗೆ ನಗು ಬರಲಿಲ್ಲ. ಆ ಪುಟವನ್ನು ಅದೇ ವಾರದಲ್ಲಿ ನಾಲ್ಕನೇ ಸಲ ಪರೀಕ್ಷಿಸುತ್ತಿದ್ದೆ. ಯಾವ ಗುಂಡಿ ಏನು ಮಾಡುತ್ತದೆ ಎಂಬುದನ್ನು ಪುಟ ಮಾಡುವವರು ಅದರ ಹಿಂದೆ ಅಕ್ಷರದಲ್ಲಿ ಬರೆದಿಡಬೇಕು. ಬರೆಯದಿದ್ದರೆ ಕಣ್ಣಿದ್ದವರಿಗೇನೂ ನಷ್ಟವಿಲ್ಲ, ಅವರಿಗೆ ಚಿತ್ರ ಕಾಣುತ್ತದೆ. ನನಗೆ ಮಾತ್ರ ಅರ್ಜಿ ಕಳಿಸುವುದೂ ಬಟನ್, ಅರ್ಜಿ ಅಳಿಸುವುದೂ ಬಟನ್.

ಹತ್ತನೇ ಇಯತ್ತೆ ಮುಗಿಯುವ ಹೊತ್ತಿಗೆ ನನ್ನ ದೃಷ್ಟಿ ಪೂರ್ತಿ ಹೋಗಿತ್ತು. ಏಳನೆಯವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ. ಎರಡೂ ಲಿಪಿಗಳ ಆಕಾರ ಇವತ್ತಿಗೂ ನೆನಪಿದೆ. ಕಣ್ಣು ಹೋದ ಮೇಲೆ ಮನೆಯವರು ನನ್ನನ್ನು ಅಂಗಡಿಯ ಗಾದಿಯ ಮೇಲೆ ಕೂರಿಸಿದರು. ಕೆಲವು ವರ್ಷ ಬಟ್ಟೆಯ ಅಂಚು ಮುಟ್ಟಿ ಇದು ಇಂಥ ನೂಲು ಎಂದು ಹೇಳುತ್ತಾ ಕಳೆದೆ. ಗಿರಾಕಿಗಳು ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ಸೇರುತ್ತಿರಲಿಲ್ಲ. ಹಟ ಮಾಡಿ ಪುಣೆಗೆ ಹೋಗಿ, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ಬಳಕೆ ಕಲಿತು ಬಂದೆ. ಅಷ್ಟರಲ್ಲಿ ಸೊಲ್ಲಾಪುರದ ಒಂದು ಸಣ್ಣ ಕಂಪನಿಗೆ ದೊಡ್ಡ ಸರಕಾರಿ ಇಲಾಖೆಯೊಂದರ ಗುತ್ತಿಗೆ ಸಿಕ್ಕಿತು. ಇಲಾಖೆಯ ವೆಬ್‌ಸೈಟುಗಳನ್ನೂ ದಾಖಲೆಗಳನ್ನೂ ಅಂಗವಿಕಲರು ತಾವೇ ಬಳಸುವಂತೆ ತಿದ್ದಿ ಕೊಡುವ ಕೆಲಸ ಅದು. ಕಣ್ಣಿಲ್ಲದ ಒಬ್ಬರಾದರೂ ಅದನ್ನು ಪರೀಕ್ಷಿಸಲೇಬೇಕು ಎಂದು ಕರಾರಿನಲ್ಲಿತ್ತು. ಹಾಗೆ ನನಗೆ ನೌಕರಿ ಸಿಕ್ಕಿತು.

"ಮನ್ಯಾಗ ಏನ್ ಕಮ್ಮಿ ಅದ ನಿನಗ?" ಎಂದಳು ಅವ್ವ.

"ಕಮ್ಮಿ ಏನಿಲ್ಲವ್ವ. ನಂಗ ಕೆಲಸ ಬೇಕಾಗ್ಯದ," ಎಂದೆ.

ಮೊದಲ ತಿಂಗಳು ನನ್ನನ್ನು ಊರ ಹೊರಗಿನ ಕೈಗಾರಿಕಾ ಪ್ರದೇಶಕ್ಕೆ, ಚಿಂಚೋಳಿ ಎಂಐಡಿಸಿಗೆ ಕಳಿಸಿದರು. ಅಲ್ಲಿ ಒಂದು ಗೋದಾಮಿನಲ್ಲಿ ಇಲಾಖೆಯ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಿದ್ದರು. ಐವತ್ತು ವರ್ಷದ ಹಳೆಯ ದಫ್ತರಗಳಾದರೆ ಸರಿ, ಸ್ಕ್ಯಾನ್ ಮಾಡದೆ ಬೇರೆ ದಾರಿಯಿಲ್ಲ. ಆದರೆ ಹಿಂದಿನ ವಾರ ಹೊರಟ ಸುತ್ತೋಲೆಗಳೂ ಅಲ್ಲಿಗೆ ಬರುತ್ತಿದ್ದವು. ಅವನ್ನು ಯಾರೋ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿರುತ್ತಾರೆ. ಅದನ್ನು ಮುದ್ರಿಸಿ, ಸಾಹೇಬರ ಸಹಿ ಹಾಕಿಸಿ, ಮೊಹರಿನ ಶಿಕ್ಕಾ ಹೊಡೆಸಿ, ಕಾಗದದ ಫೋಟೊ ತೆಗೆದು, ಆ ಫೋಟೊವನ್ನು ವೆಬ್‌ಸೈಟಿಗೆ ಏರಿಸುತ್ತಾರೆ. ಅಕ್ಷರವಾಗಿಯೇ ಇದ್ದದ್ದು ಚಿತ್ರವಾಗಿಬಿಡುತ್ತದೆ. ಆ ಚಿತ್ರವನ್ನು ಮತ್ತೆ ಅಕ್ಷರ ಮಾಡುವುದಕ್ಕೆ ನಾವು.

"ಮೂಲ ಫೈಲೇ ಕೊಡ್ರಲ್ಲ, ಇಷ್ಟೆಲ್ಲ ಯಾಕ?" ಎಂದು ನಮ್ಮ ಕಂಪನಿಯ ಸರ್ ಅವರನ್ನು ಕೇಳಿದೆ.

"ಮೂಲ ಫೈಲಿನ್ಯಾಗ ಸಹಿ ಇರಂಗಿಲ್ಲ ಮೇಡಮ್. ಸಹಿ ಇಲ್ಲದ್ದು ದಾಖಲೆ ಅಲ್ಲ," ಎಂದರು.

ಕೊನೆಗೆ ಗೋಗರೆದು ಕೆಲವು ಮೂಲ ಫೈಲುಗಳನ್ನು ತರಿಸಿಕೊಂಡೆ. ಅವುಗಳಲ್ಲಿ ಅರ್ಧಕ್ಕರ್ಧ ಹಳೆಯ ಕಾಲದ ಮರಾಠಿ ಫಾಂಟಿನಲ್ಲಿದ್ದವು. ನೋಡುವವರಿಗೆ ಚಂದದ ಮರಾಠಿ. ಆದರೆ ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಮರಾಠಿಯ ವೇಷ. ನನ್ನ ತಂತ್ರಾಂಶ ಒಳಗಿದ್ದುದನ್ನೇ ಓದುತ್ತದೆ. "ಅಂಗವಿಕಲರಿಗೆ ಸೂಚನೆ" ಎಂಬ ಕಾಗದವನ್ನು ತೆರೆದಾಗ ಅದು ಎಕ್ಸ್, ವೈ, ಆವರಣ ಚಿಹ್ನೆ, ಶೇಕಡಾ ಚಿಹ್ನೆ ಎಂದು ಪುಟಗಟ್ಟಲೆ ತೊದಲಿತು. ನಾನು ಹುಚ್ಚಿಯ ಹಾಗೆ ಕೂತು ಕೇಳಿದೆ. ಪಕ್ಕದಲ್ಲಿ ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ, ಅಕ್ಕಾ, ನಿಮ್ಮ ಕಂಪ್ಯೂಟರ್ ಕೆಟ್ಟಿದೆಯಾ ಎಂದು ಕೇಳಿದಳು.

ಎಂಟು ತಿಂಗಳು ಹೀಗೇ ನಡೆಯಿತು. ಪುಟ ತಿದ್ದುವವರಿಗೆ ತಪ್ಪು ಬರೆದು ಕಳಿಸುವುದು, ತಿದ್ದಿದ್ದೇವೆ ಎಂಬ ಉತ್ತರ ಬರುವುದು, ತೆರೆದು ನೋಡಿದರೆ ಏನೂ ಆಗಿರುವುದಿಲ್ಲ, ಮತ್ತೆ ಬರೆಯುವುದು. ಚಿತ್ರಗಳಿಗೆ ವಿವರ ಬರೆಯಿರಿ ಎಂದರೆ ಇಲಾಖೆಯವರು ಪ್ರತಿಯೊಂದಕ್ಕೂ "ಚಿತ್ರ" ಎಂದು ಬರೆದು ಕಳಿಸಿದರು. ತಪ್ಪುಗಳನ್ನು ತಾನಾಗಿಯೇ ಹುಡುಕುವ ಇನ್ನೊಂದು ತಂತ್ರಾಂಶ ಅದಕ್ಕೂ ಪೂರ್ತಿ ಅಂಕ ಕೊಟ್ಟಿತು, ವಿವರದ ಜಾಗ ಖಾಲಿ ಇಲ್ಲವಲ್ಲ! ಆದರೂ ನಿಧಾನಕ್ಕೆ ಕೆಲಸ ಸಾಗಿತು. ಕಂಪನಿಯಲ್ಲಿ ಪುಟಗಳನ್ನು ತಿದ್ದುವ ಪ್ರೋಗ್ರಾಮರ್ ಒಬ್ಬರಿದ್ದರು. ನಾನು ಜಗಳ ಮಾಡಿದ ಹಾಗೆಲ್ಲ ಅವರೂ ಕಲಿತರು. ಮುಖ್ಯವಾದ ಅರ್ಜಿಗಳು ಒಂದೊಂದಾಗಿ ನನ್ನ ಕಿವಿಗೆ ಅರ್ಥವಾಗತೊಡಗಿದವು. ಒಂದು ದಿನ ಹೆಸರು ತಿದ್ದುಪಡಿಯ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಯಾರ ಸಹಾಯವೂ ಇಲ್ಲದೆ ತುಂಬಿದೆ. ಆ ಸಂಜೆ ಮನೆಗೆ ಪೇಢೆ ತಂದಿದ್ದೆ.

ಅದಾದ ಮೇಲೆ ಸರ್ ಒಂದು ಪ್ರಮಾಣಪತ್ರ ತಂದರು. ದೃಷ್ಟಿ ಇಲ್ಲದ ನಾನು ಈ ವೆಬ್‌ಸೈಟನ್ನು ಪರೀಕ್ಷಿಸಿದ್ದೇನೆ, ಇದನ್ನು ಬಳಸಲು ನನಗೆ ಅಡಚಣೆಯಾಗಲಿಲ್ಲ ಎಂದು ಅದರಲ್ಲಿತ್ತು. ಮೊದಲು ಅದರ ಫೈಲು ಕಳಿಸಿ, ಓದಿಯೇ ಸಹಿ ಮಾಡುತ್ತೇನೆ ಎಂದೆ. ಓದಿದೆ. ಸುಳ್ಳೇನೂ ಇರಲಿಲ್ಲ. ಸಹಿ ಹಾಕಿದೆ.

ಅಕ್ಕಲಕೋಟೆ ತಾಲೂಕಿನ ಕರಜಗಿಯಲ್ಲಿ ನನ್ನ ಸೋದರತ್ತಿ ಇದ್ದಾಳೆ, ಅಪ್ಪನ ತಂಗಿ. ಹೊಲಮನಿ ಗಟ್ಟಿ ಇರುವ ಮನೆತನ, ತೊಗರಿ ಜೋಳ ಬೆಳೆಯುತ್ತಾರೆ. ಮಾವ ತೀರಿಹೋದ ಮೇಲೂ ಮನೆಯ ಕಾರಭಾರ ಅವಳದೇ. ಕೆಲವು ವರ್ಷಗಳಿಂದ ಕಾಚಬಿಂದು, ಅಂದರೆ ಗ್ಲಾಕೋಮಾ ಆಗಿ ಅವಳ ದೃಷ್ಟಿ ಮಸುಕಾಗುತ್ತಾ ಬಂತು. ಈಗ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಫೋನನ್ನು ಮಾತಾಡಿಸುವುದನ್ನು ನಾನೇ ಅವಳಿಗೆ ಕಲಿಸಿದೆ. ನನಗಿಂತ ಬೇಗ ಕಲಿತಳು.

ಅವಳ ಹೆಸರು "ವ್ವ" ಎಂದು ಮುಗಿಯುತ್ತದೆ. ಇಲಾಖೆಯ ದಾಖಲೆಯಲ್ಲಿ ಯಾರೋ ಮರಾಠಿ ರೂಢಿಯಂತೆ ಅದನ್ನು "ಬಾಯಿ" ಮಾಡಿದ್ದರು. ಅವಳ ಮಗ ಅಕ್ಕಲಕೋಟೆಯಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಗೆ ಹೋಗಿ ತಿದ್ದುಪಡಿಗೆ ಹಾಕಿ ಬಂದ. "ಬಾಯಿ" ಹಾಗೇ ಉಳಿಯಿತು. ಮತ್ತೆ ಹೋದ. ಈ ಸಲ "ವ್ವ" ಹೋಗಿ "ವ್ಹಾ" ಆಯಿತು, ಯಾರೋ ಶಹಬ್ಬಾಸ್ ಅಂದಂತೆ.

ಅತ್ತಿ ನನಗೆ ಫೋನ್ ಮಾಡಿದಳು. "ಯವ್ವಾ, ಆ ಇಲಾಖಿದು ವೆಬ್‌ಸೈಟು ನೀನ ಮಾಡಿದ್ದಂತಲ್ಲ?"

"ನಾ ಮಾಡಿಲ್ಲ ಅತ್ತಿ. ಮಾಡಿದ್ದರಾಗ ತಪ್ಪು ಹುಡುಕೀನಿ."

"ಏನರ ಇರಲಿ. ಈ ಸಲ ಅರ್ಜಿ ನಾನ ತುಂಬತೀನಿ. ಒಂದೊಂದು ಅಕ್ಷರ ನನ್ನ ಕಿವಿಲೆ ಕೇಳಿ ಕಳಸ್ತೀನಿ. ನೀ ಬಾಜೂಕ ಕೂಡು, ಸಾಕು."

ನನಗೆ ಆ ಮಾತು ಕೇಳಿ ಎಷ್ಟು ಸಂತೋಷವಾಯಿತೆಂದರೆ ಮಾರನೆಯ ದಿನವೇ ರಜೆ ಹಾಕಿ ಎಸ್‌ಟಿ ಬಸ್ಸು ಹತ್ತಿದೆ. ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಕರಜಗಿ ತಲುಪಿದಾಗ ಹನ್ನೊಂದು ಗಂಟೆ. ಅತ್ತಿ ಪಡಸಾಲೆಯಲ್ಲಿ ಚಾಪೆ ಹಾಸಿ, ಫೋನನ್ನು ಪೂರ್ತಿ ಚಾರ್ಜ್ ಮಾಡಿಟ್ಟುಕೊಂಡು ಕೂತಿದ್ದಳು. ಅವಳ ಮಗ ಬಾಗಿಲಲ್ಲಿ ನಿಂತು, "ಅವ್ವಾ, ಐದು ಮಿನಿಟಿನ ಕೆಲಸ, ನಾ ತುಂಬತೀನಿ ಬಿಡು," ಎಂದ.

"ಎರಡು ಸಲ ತುಂಬೀದಿ. ನೋಡೀನಿ," ಎಂದಳು ಅತ್ತಿ. ಅವನು ಹೊಲಕ್ಕೆ ಹೋದ.

ಪುಟ ತೆರೆಯಿತು. ಅತ್ತಿ ಬೆರಳು ಸರಿಸಿದಳು. "ಬಟನ್," ಎಂದಿತು ಫೋನು. ಮತ್ತೆ ಸರಿಸಿದಳು. "ಬಟನ್. ಗ್ರಾಫಿಕ್. ಬಟನ್."

ಬೇರೆ ಪುಟಕ್ಕೆ ಹೋಗಿರಬೇಕು ಎಂದು ನಾನು ಫೋನ್ ಇಸಿದುಕೊಂಡೆ. ವಿಳಾಸ ಸರಿಯಾಗಿತ್ತು. ನನ್ನ ಲ್ಯಾಪ್‌ಟಾಪ್ ತೆಗೆದು ಅದರಲ್ಲೂ ತೆರೆದೆ. ಅದೇ ಗುಂಡಿಗಳು. ನಾನು ಕೆಲಸದ ಶುರುವಿನಲ್ಲಿ ಕೇಳಿದ್ದ ಅದೇ ತಪ್ಪುಗಳು ಅದೇ ಸಾಲಿನಲ್ಲಿ ಬರುತ್ತಿದ್ದವು. ಬಾಯಿಪಾಠವಾಗಿದ್ದರಿಂದ ಯಾವ ಗುಂಡಿ ಯಾವುದೆಂದು ಊಹಿಸಿ ಅತ್ತಿಗೆ ಹೇಳುತ್ತಾ ಹೋದೆ. ಹೇಗೋ ಕೊನೆಯ ಪುಟಕ್ಕೆ ಬಂದೆವು. ಅಲ್ಲಿ ಚಿತ್ರದಲ್ಲಿರುವ ಅಕ್ಷರಗಳನ್ನು ಬರೆಯಿರಿ ಎಂದಿತು. ನಾನು ಪರೀಕ್ಷಿಸಿದ ಪುಟದಲ್ಲಿ ಅದರ ಬದಲು ಮೂರಕ್ಕೆ ನಾಲ್ಕು ಕೂಡಿಸಿದರೆ ಎಷ್ಟು ಎಂಬ ಪ್ರಶ್ನೆ ಇತ್ತು. ಅದನ್ನು ಹಾಕಿಸಲು ಎರಡು ತಿಂಗಳು ಹಿಡಿದಿತ್ತು. ಈಗ ಆ ಪ್ರಶ್ನೆಯೇ ಇರಲಿಲ್ಲ. ಚಿತ್ರದಲ್ಲಿ ಏನಿದೆ ಎಂದು ಹೇಳಲು ನಮ್ಮಿಬ್ಬರಲ್ಲಿ ಯಾರಿಗೂ ಕಣ್ಣಿರಲಿಲ್ಲ. ಯಾರನ್ನಾದರೂ ಕರೆಯೋಣ ಎಂದು ಎದ್ದೆ. ಅಷ್ಟರಲ್ಲಿ ಸಮಯ ಮೀರಿ ಪುಟ ಮುಚ್ಚಿಕೊಂಡಿತು. ತುಂಬಿದ್ದೆಲ್ಲ ಹೋಯಿತು.

ಅಂಗಳಕ್ಕೆ ಬಂದು ಪ್ರೋಗ್ರಾಮರಿಗೆ ಫೋನ್ ಮಾಡಿದೆ. ಅವರು ಮರಾಠಿಯಲ್ಲಿ ಬಹಳ ಮೆಲ್ಲಗೆ ಹೇಳಿದರು: "ಮೇಡಮ್, ತೇ ಸಗಳಂ ಟೆಸ್ಟ್‌ವರ ಆಹೇ. ಲೈವ್‌ವರ ಅಜೂನ್ ಟಾಕಲಂ ನಾಹೀ."

ಅದೆಲ್ಲ ಟೆಸ್ಟ್ ಪ್ರತಿಯಲ್ಲಿದೆ, ಲೈವ್ ಮೇಲೆ ಇನ್ನೂ ಹಾಕಿಲ್ಲ ಎಂದು. ಅಂದರೆ ವೆಬ್‌ಸೈಟಿಗೆ ಎರಡು ಪ್ರತಿಗಳಿದ್ದವು. ಒಂದು ನಮ್ಮ ಪರೀಕ್ಷೆಗೆಂದು ಇಟ್ಟದ್ದು, ಇನ್ನೊಂದು ಜನ ಬಳಸುವ ನಿಜವಾದದ್ದು. ಕಂಪನಿ ಕೊಟ್ಟ ಲಿಂಕನ್ನೇ ಒತ್ತಿ ತೆರೆಯುತ್ತಿದ್ದ ನಾನು ಅದರ ವಿಳಾಸವನ್ನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ನನ್ನ ಎಂಟು ತಿಂಗಳ ದುಡಿಮೆಯೆಲ್ಲ ಮೊದಲನೆಯದರಲ್ಲಿ ಬೆಚ್ಚಗೆ ಕೂತಿತ್ತು. ಅದನ್ನು ಕಂಪನಿಯ ಒಂದು ಕೋಣೆಯವರು ಬಿಟ್ಟು ಜಗತ್ತಿನಲ್ಲಿ ಯಾರೂ ತೆರೆಯುವುದಿಲ್ಲ. ಎರಡನೆಯದನ್ನು ಯಾರೂ ಮುಟ್ಟಿರಲಿಲ್ಲ. ಅದರ ಮೊದಲ ಪುಟದ ಕೆಳಗೆ ಮಾತ್ರ, ಈ ವೆಬ್‌ಸೈಟು ಅಂಗವಿಕಲರ ಬಳಕೆಗೆ ಅನುಕೂಲವಾಗಿದೆ ಎಂಬ ಒಂದು ಸಾಲು ಹೊಸದಾಗಿ ಸೇರಿತ್ತು. ನನ್ನ ಸಹಿಯ ಆಧಾರದ ಮೇಲೆ.

ಒಳಗೆ ಬಂದು ಅತ್ತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. "ಹಂಗಾರ ನೀ ಸಹಿ ಮಾಡಿದ್ದು ಯಾವುದಕ್ಕ?" ಎಂದು ಮಾತ್ರ ಕೇಳಿದಳು. ನಾನು ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿದೆ. ಅವಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಹಿಂತಿರುಗುವಾಗ ಬಸ್ಸಿನಲ್ಲಿ ಸಿಟ್ಟಿಗೆ ಆ ಗಂಟನ್ನು ಬಿಚ್ಚಲೇ ಇಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ಯೋಚಿಸಿದರೆ ಎದುರಿಗೆ ಒಂದು ಮುಖವೂ ಇರಲಿಲ್ಲ.

ಸಹಿಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಮರುದಿನ ಸರ್ ಅವರಿಗೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ದನಿ ಏರಿಸಿದರು. "ನಮ್ಮ ಕೆಲಸ ನಾವು ಮಾಡೀವಿ. ಲೈವ್ ಮಾಡೋದು ಅವರ ಕೆಲಸ. ನೀವ್ಯಾಕ ನಡುವ ಕಡ್ಡಿ ಆಡಸ್ತೀರಿ?"

"ನಾ ಸಹಿ ಮಾಡಿದ್ದು ಮಂದಿ ಬಳಸೋ ವೆಬ್‌ಸೈಟಿಗಿ ಅಂತ ತಿಳದು ಮಾಡೀನ್ರಿ."

"ಕಾಗದದಾಗ ಹಂಗ ಎಲ್ಲಿ ಬರದದ?"

ಎಲ್ಲಿಯೂ ಬರೆದಿರಲಿಲ್ಲ. ಅಷ್ಟು ಎಚ್ಚರದಿಂದ ಓದಿ ಸಹಿ ಮಾಡಿದವಳಿಗೆ ಅದೊಂದು ಪ್ರಶ್ನೆ ಹೊಳೆದಿರಲಿಲ್ಲ.

ಸಹಿ ಹಿಂತೆಗೆದುಕೊಳ್ಳುವ ಪತ್ರ ಬರೆದುಕೊಂಡು ನಾನೇ ಇಲಾಖೆಯ ಜಿಲ್ಲಾ ಕಚೇರಿಗೆ ಹೋದೆ. ಬಂದ ಪತ್ರಗಳನ್ನು ದಾಖಲಿಸುವ ಆವಕ ವಿಭಾಗದ ಗುಮಾಸ್ತ ಕಾಗದ ನೋಡಿ, "ಅಂಗಠಾ ದ್ಯಾ," ಎಂದು ನನ್ನ ಹೆಬ್ಬೆರಳು ಹಿಡಿದು ಶಾಯಿಯ ಡಬ್ಬಿಯ ಕಡೆ ಎಳೆದ. ಕೈ ಕೊಸರಿಕೊಂಡು, ಸಹಿ ಆಗಲೇ ಹಾಕಿದ್ದೇನೆ ಎಂದೆ. ಕಣ್ಣಿಲ್ಲದವರ ಸಹಿ ನಡೆಯುವುದಿಲ್ಲ ಎಂದ. ಹಾಗಾದರೆ ನಿಮ್ಮ ಇಲಾಖೆ ನನ್ನ ಸಹಿ ಇರುವ ಪ್ರಮಾಣಪತ್ರ ಹೇಗೆ ತೆಗೆದುಕೊಂಡಿತು ಎಂದು ಕೇಳಿದೆ. ಅವನು ಎದ್ದು ಒಳಗೆ ಹೋದ. ನಾನು ಬಹಳ ಹೊತ್ತು ನಿಂತೇ ಇದ್ದೆ. ಆಮೇಲೆ ಕಂಪ್ಯೂಟರ್ ವಿಭಾಗದ ಸಾಹೇಬರು ಕರೆದರು.

ಅವರು ಮರಾಠಿಯಲ್ಲಿ ಶುರು ಮಾಡಿದರು. ಲೈವ್ ಮಾಡುವುದು ಮುಖ್ಯ ಕಚೇರಿಯ ಮುಂಬೈಯವರ ಕೈಯಲ್ಲಿದೆ, ಪ್ರಮಾಣಪತ್ರ ಬಂದ ಕೂಡಲೇ ಕಡತದ ಮೇಲೆ ಕೆಲಸ ಪೂರ್ಣ ಎಂದು ಬರೆದಾಗಿದೆ, ಪೂರ್ಣವಾದ ಕಡತವನ್ನು ಯಾರೂ ಮತ್ತೆ ತೆರೆಯುವುದಿಲ್ಲ. ನಾನು ಲ್ಯಾಪ್‌ಟಾಪ್ ತೆರೆದು, ಧ್ವನಿ ಏರಿಸಿ, ಅವರದೇ ವೆಬ್‌ಸೈಟನ್ನು ಓದಲು ಬಿಟ್ಟೆ. ಬಟನ್, ಬಟನ್ ಎಂಬ ಸದ್ದು ಕೋಣೆಯಿಂದ ಹೊರಗಿನ ಮೇಜುಗಳವರೆಗೂ ಹೋಯಿತು. ಅವರು ಎರಡು ನಿಮಿಷ ತಡೆದುಕೊಂಡರು.

"ಬಂದ್ ಮಾಡ್ರಿ ಅದನ್ನ," ಎಂದರು. ಅವರು ಕನ್ನಡದವರೆಂದು ನನಗೆ ಗೊತ್ತಾದದ್ದು ಆಗಲೇ. "ನಿಮ್ಮ ಪತ್ರ ಮ್ಯಾಲ ಕಳಸಿದ್ರ ಮೊದಲ ನೋಟೀಸ್ ನನಗ ಬರ್ತದ್ರಿ. ಪೂರ್ಣ ಅಂತ ಬರದವ ನಾನ."

"ಕಳಸ್ಲಿಲ್ಲಂದ್ರ ನಮ್ಮತ್ತಿಗಿ ಆಕಿ ಹೆಸರು ಸಿಗಂಗಿಲ್ರಿ."

"ಏನ್ ಹೆಸರು?"

ನಾನು ಬಾಯಿ, ವ್ಹಾ, ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ತಮ್ಮ ತಾಯಿಯ ಹೆಸರೂ ಕಾಗದದಲ್ಲಿ ಹಾಗೇ ಆಗಿದೆ, ತಿದ್ದಿಸುವುದಕ್ಕೇ ಹೋಗಿಲ್ಲ ಎಂದರು. ಪತ್ರ ತೆಗೆದುಕೊಂಡು, ಗುಮಾಸ್ತನನ್ನು ಕರೆದು, ಹೆಬ್ಬೆಟ್ಟಿಲ್ಲದೆ ನನ್ನ ಸಹಿಯ ಆಧಾರದ ಮೇಲೆಯೇ ಆವಕ ಹಾಕಿಸಿದರು.

ನನ್ನನ್ನು ಕಂಪನಿ ಒಂದೂವರೆ ತಿಂಗಳು ಮನೆಯಲ್ಲಿ ಕೂರಿಸಿತು. ಸದ್ಯಕ್ಕೆ ಪರೀಕ್ಷಿಸಲು ಏನೂ ಇಲ್ಲ ಎಂದರು ಸರ್. ಮತ್ತೆ ಅಂಗಡಿಯ ಗಾದಿ, ಬಟ್ಟೆಯ ಅಂಚು, ಗಿರಾಕಿಗಳ ಹೊಗಳಿಕೆ. ದಿನಾ ಬೆಳಗ್ಗೆ ಆ ವೆಬ್‌ಸೈಟನ್ನು ತೆರೆಯುತ್ತಿದ್ದೆ, ಹಾಗೇ ಮುಚ್ಚುತ್ತಿದ್ದೆ. ಅವ್ವ, ಹುಣ್ಣು ಕೆರೆದುಕೊಂಡಂಗ ಯಾಕ ಮಾಡ್ತೀ ಎಂದು ಬೈದಳು.

ಒಂದು ಮುಂಜಾನೆ ಹೆಸರು ತಿದ್ದುಪಡಿಯ ಅರ್ಜಿ ತೆರೆದಾಗ ಮೊದಲ ಗುಂಡಿಯೇ, "ಅರ್ಜಿ ಆರಂಭಿಸಿ," ಎಂದಿತು. ನಾನು ತಪ್ಪಾಗಿ ಟೆಸ್ಟ್ ಪ್ರತಿ ತೆರೆದೆನೇನೋ ಎಂದು ವಿಳಾಸವನ್ನು ಅಕ್ಷರ ಅಕ್ಷರವಾಗಿ ಕೇಳಿದೆ. ನಿಜವಾದದ್ದೇ. ಉಳಿದ ಅರ್ಜಿಗಳನ್ನೂ ತೆರೆದೆ. ಅವೆಲ್ಲ ಇದ್ದ ಹಾಗೇ ಇದ್ದವು. ಅದೊಂದನ್ನು ಮಾತ್ರ ಸಾಹೇಬರು ಮುಂಬೈಯವರಿಗೆ ದಿನಾ ಫೋನ್ ಮಾಡಿ ಲೈವ್ ಮಾಡಿಸಿದ್ದರು ಎಂದು ಪ್ರೋಗ್ರಾಮರ್ ಆಮೇಲೆ ಹೇಳಿದರು.

ಕರಜಗಿಗೆ ಮತ್ತೆ ಹೋದೆ. ಅತ್ತಿಗೆ ಒಂದು ಇಡೀ ಮುಂಜಾನೆ ಹಿಡಿಯಿತು. ಹೆಸರಿನ ಜಾಗಕ್ಕೆ ಬಂದಾಗ ಅವಳು ನನ್ನನ್ನು ಸುಮ್ಮನಿರು ಎಂದಳು. ಫೋನು ಮರಾಠಿಯಲ್ಲಿ ಬಿಡಿಬಿಡಿಯಾಗಿ ಓದಿತು: ವ, ಹಲಂತ, ವ; ಮೊದಲ ವ ಅರ್ಧ, ಎರಡನೆಯದು ಪೂರ್ತಿ. ಮತ್ತೆ ಹಿಂದಕ್ಕೆ ಸರಿಸಿ ಕೇಳಿದಳು. ಮೂರನೇ ಸಲವೂ ಕೇಳಿದಳು.

"ಹೂಂ, ಇದು ನಾನು," ಎಂದು "ಸಲ್ಲಿಸಿ" ಎಂಬ ಗುಂಡಿಯನ್ನು ತಾನೇ ಒತ್ತಿದಳು. ಅರ್ಜಿ ಹೋಯಿತು. ಚಹಾ ಮಾಡಲು ಎದ್ದವಳು ಒಲೆಯ ಮುಂದೆ ತನ್ನ ಹೆಸರನ್ನು ಆ ಯಂತ್ರದ ಧಾಟಿಯಲ್ಲೇ ಹೇಳಿಕೊಂಡು ನಗುತ್ತಿದ್ದಳು.

ಕಥೆ ಅಲ್ಲಿಗೇ ಮುಗಿದಿದ್ದರೆ ನನಗೂ ಸಮಾಧಾನವಿರುತ್ತಿತ್ತು. ಮೂರು ವಾರದ ಮೇಲೆ ತಿದ್ದಿದ ದಾಖಲೆ ಅವಳ ಫೋನಿಗೆ ಬಂತು. ಅವಳು ಆ ದಿನ ಕಣ್ಣಿನ ಆಸ್ಪತ್ರೆಗೆಂದು ಸೊಲ್ಲಾಪುರಕ್ಕೆ ಬಂದು ನಮ್ಮ ಅಂಗಡಿಯಲ್ಲಿ ಕೂತಿದ್ದಳು. ತೆರೆದಳು. ಫೋನು, "ಗ್ರಾಫಿಕ್," ಎಂದು ಹೇಳಿ ಸುಮ್ಮನಾಯಿತು. ನಾನು ತೆಗೆದುಕೊಂಡು ಎಲ್ಲ ಉಪಾಯ ಮಾಡಿದೆ. ಯಾರೋ ದಾಖಲೆಯನ್ನು ಮುದ್ರಿಸಿ, ಶಿಕ್ಕಾ ಹೊಡೆದು, ಓರೆಯಾಗಿ ಫೋಟೊ ತೆಗೆದು ಕಳಿಸಿದ್ದರು. ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶ ಹಾಕಿದರೆ ಶಿಕ್ಕಾ ಅವಳ ಹೆಸರಿನ ಮೇಲೆಯೇ ಬಿದ್ದಿದ್ದರಿಂದ ಅಲ್ಲಿ ಏನೇನೋ ಬಂತು.

ಅತ್ತಿ ಫೋನನ್ನು ಅಣ್ಣನಿಗೆ ಕೊಟ್ಟಳು. ಅವನು ಓದಿದ. ಹೆಸರು ಸರಿಯಾಗಿತ್ತು. ಅವಳು ಒಪ್ಪಲಿಲ್ಲ. ಸೀರೆ ನೋಡಲು ಬಂದಿದ್ದ ಗುರುತಿಲ್ಲದ ಹೆಂಗಸಿನ ಕೈಗೆ ಫೋನ್ ಕೊಟ್ಟು, ಏನು ಹೆಸರಿದೆ ಎಂದು ಮಾತ್ರ ಕೇಳಿದಳು, ಏನಿರಬೇಕು ಎಂದು ಹೇಳಲಿಲ್ಲ. ಆಮೇಲೆ ಎದುರಿನ ಅಂಗಡಿಯವರನ್ನು ಕರೆಸಿದಳು. ಮೂವರೂ ಒಂದೇ ಹೆಸರು ಓದಿದರು.

"ಮೂರೂ ಮಂದಿ ಒಂದ ಹೇಳ್ಯಾರ ಅಂದ್ರ ಬರೊಬ್ಬರಿ ಇರಬೇಕು," ಎಂದಳು.

ಆ "ಇರಬೇಕು" ಎಂಬುದು ನನ್ನ ಕಿವಿಯಲ್ಲೇ ಉಳಿಯಿತು. ಅವಳು ತಾನೇ ಕೇಳಿ ಕಳಿಸಿದ ಅಕ್ಷರಗಳು ಅವಳಿಗೆ ವಾಪಸು ಕೇಳದಂತೆ ಮಾಡಿ ಕಳಿಸಿದ್ದರು.

ಕೂತಲ್ಲಿಂದಲೇ ಸಾಹೇಬರ ಕಚೇರಿಗೆ ಫೋನ್ ಮಾಡಿದೆ. ಅವರಿಗೆ ಬದಲಿಯಾಗಿತ್ತು. ನೋಟೀಸಿನಿಂದಲೋ, ಸರದಿ ಬಂದದ್ದರಿಂದಲೋ, ಯಾರೂ ಹೇಳಲಿಲ್ಲ. ಅವರ ಜಾಗಕ್ಕೆ ಹೊಸಬರು ಬಂದಿದ್ದರು. ದಾಖಲೆಯನ್ನು ಫೋಟೊ ಮಾಡಿ ಕಳಿಸಿದರೆ ನಮ್ಮಂಥವರಿಗೆ ಓದಲಾಗುವುದಿಲ್ಲ ಎಂದು ಮರಾಠಿಯಲ್ಲಿ ವಿವರಿಸಿದೆ. ಅವರು ಗಮನವಿಟ್ಟೇ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ಮ್ಯಾಡಮ್, ಮನೆಯಲ್ಲಿ ಓದಿ ಹೇಳುವವರು ಯಾರೂ ಇಲ್ಲವೇ?" ಎಂದು ಬಹಳ ಕಾಳಜಿಯಿಂದ ಕೇಳಿದರು.

ಅತ್ತಿ ಪಕ್ಕದಲ್ಲೇ ಕೂತಿದ್ದಳು, ಅವಳಿಗೂ ಕೇಳಿಸಿತು. ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಆಮೇಲೆ ಅವರಿಗೆ ಮೊದಲಿನಿಂದ ಹೇಳತೊಡಗಿದೆ.